ಹಳೇ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿ ಮನೆಗೆ ರೂಟರ್, ಫೈರ್‌ವಾಲ್ ಮಾಡಿಕೊಳ್ಳಬಹುದಾ?

ಖಂಡಿತ ಮಾಡಿಕೊಳ್ಳಬಹುದು. ರೂಟರ್ ಅಂದರೆ ಇಂಟರ್ನೆಟ್ಟನ್ನು ಮನೆಯ ಸಾಧನಗಳಿಗೆ ಹಂಚುವುದು, ಫೈರ್‌ವಾಲ್ ಅಂದರೆ ಬೇಡದ್ದನ್ನು ಬಾಗಿಲಲ್ಲೇ ತಡೆಯುವುದು. ದಾವಣಗೆರೆಯ ನಮ್ಮ ಮನೆಯಲ್ಲಿ ನಾಲ್ಕು ವರ್ಷದಿಂದ ಇದೇ ನಡೆಯುತ್ತಿದೆ. ನಿಮ್ಮ ಚಿತ್ರದುರ್ಗದ ಮನೆಯಲ್ಲಿ 4 ಜಿಬಿ ರ್‍ಯಾಮಿನ ಡೆಸ್ಕ್‌ಟಾಪ್ ಸುಮ್ನೆ ಬಿದ್ದಿದೆ, ಅದು ಸಾಕಾಗುತ್ತದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಸಾಕು. ಆದರೆ ಲ್ಯಾನ್ ಪೋರ್ಟ್ ಎರಡು ಬೇಕು. ಒಂದು ಫೈಬರ್ ಬಾಕ್ಸ್ ಕಡೆಗೆ, ಇನ್ನೊಂದು ಮನೆ ಕಡೆಗೆ. ಒಂದೇ ಇದ್ದರೆ ಗಿಗಾಬಿಟ್ ಲ್ಯಾನ್ ಕಾರ್ಡ್ ಇನ್ನೊಂದು ಹಾಕಿಸಿ.

ಕರೆಂಟಿನ ಲೆಕ್ಕ ಮೊದಲೇ ಹಾಕಿಕೊಳ್ಳಿ. 60 ವ್ಯಾಟ್ ಎಳೆಯುವ ಡೆಸ್ಕ್‌ಟಾಪ್ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ ಸುಮಾರು 43 ಯೂನಿಟ್. ನಾನು ಮೊದಲು ಅದರಲ್ಲೇ ಕಲಿತು, ಆಮೇಲೆ 10 ವ್ಯಾಟಿನ ಮಿನಿ ಪಿಸಿ ತಂದೆ. ಈಗ 7 ಯೂನಿಟ್ ಅಷ್ಟೇ. ಕರೆಂಟ್ ಹೋದಾಗ ಇನ್ವರ್ಟರಿಗೂ ಹಗುರ. ನಮ್ಮ ಕಡೆ ಬೇಸಿಗೆ ಗೊತ್ತಲ್ವಾ, ಡೆಸ್ಕ್‌ಟಾಪ್ ಇಟ್ಟರೆ ಫ್ಯಾನಿನ ಧೂಳು ಆಗಾಗ ತೆಗೆಯಿರಿ.

ಸೆಟಪ್ ಅರ್ಧ ದಿನದ ಕೆಲಸ. ಡೆಬಿಯನ್ ಅನ್ನೋ ಲಿನಕ್ಸ್ ಹಾಕಿ, ಐಪಿ ಫಾರ್ವರ್ಡಿಂಗ್ ಆನ್ ಮಾಡಿ, ಅಂದರೆ ಒಂದು ಪೋರ್ಟಿಗೆ ಬಂದದ್ದನ್ನು ಇನ್ನೊಂದಕ್ಕೆ ದಾಟಿಸುವುದು. ಮನೆಯ ಮೊಬೈಲು, ಟಿವಿಗಳಿಗೆ ಅಡ್ರೆಸ್ ಹಂಚಲು ಡಿಎನ್‌ಎಸ್‌ಮಾಸ್ಕ್ ಅನ್ನೋ ಪ್ರೋಗ್ರಾಂ. ಎಲ್ಲವೂ ಒಂದೇ ಅಡ್ರೆಸ್‌ನಲ್ಲಿ ಹೊರಗೆ ಹೋಗಲು ಲಿನಕ್ಸಿನ ಫೈರ್‌ವಾಲ್ ಆದ ಎನ್‌ಎಫ್‌ಟೇಬಲ್ಸ್‌ನ ಮಾಸ್ಕರೇಡ್ ರೂಲ್. ಹಳೇ ವೈಫೈ ರೂಟರ್ ಎಸೆಯಬೇಡಿ. ಅದರ ಡಿಎಚ್‌ಸಿಪಿ, ಅಂದರೆ ಅಡ್ರೆಸ್ ಹಂಚುವ ಕೆಲಸ, ಆಫ್ ಮಾಡಿ, ಕಂಪ್ಯೂಟರಿನ ಮನೆ ಕಡೆಯ ಪೋರ್ಟಿನಿಂದ ಬರುವ ವೈರನ್ನು ಅದರ ಲ್ಯಾನ್ ಪೋರ್ಟಿಗೆ ಚುಚ್ಚಿದರೆ ವೈಫೈ ಕೊಡುತ್ತದೆ.

ಫೈರ್‌ವಾಲ್ ವಿಷಯದಲ್ಲಿ ಮಾತ್ರ ಅವಸರ ಬೇಡ. ಮಾಸ್ಕರೇಡ್ ಇದೆ, ಹೊರಗಿನವರು ಒಳಗೆ ಬರೋಕೆ ಆಗಲ್ಲ ಅಂತ ತುಂಬಾ ಜನ ನಂಬಿರುತ್ತಾರೆ. ನಾನೂ ನಂಬಿದ್ದೆ. ಇಂಟರ್ನೆಟ್ ಕೊಡುವವರು ಐಪಿವಿ6, ಅಂದರೆ ಇಂಟರ್ನೆಟ್ ಅಡ್ರೆಸ್‌ಗಳ ಹೊಸ ಪದ್ಧತಿ, ಶುರು ಮಾಡಿದಾಗ ಖುಷಿಯಿಂದ ಆನ್ ಮಾಡಿದೆ. ಒಂದು ರಾತ್ರಿ ಮೊಬೈಲಿನ ವೈಫೈ ಆಫ್ ಮಾಡಿ, ಡೇಟಾದಲ್ಲಿ ನಮ್ಮ ಮನೆ ಕ್ಯಾಮೆರಾದ ಐಪಿವಿ6 ಅಡ್ರೆಸ್ ಹೊಡೆದು ನೋಡಿದೆ. ಲಾಗಿನ್ ಪುಟ ತೆರೆದುಕೊಂಡಿತು! ಸಂಜೆ ಅವ್ವ ಹೂ ಕಟ್ಟುತ್ತಾ ಕೂರುವ ಕಟ್ಟೆಯನ್ನು ತೋರಿಸುವ ಕ್ಯಾಮೆರಾ ಅದು. ಕೈಕಾಲು ತಣ್ಣಗಾಯಿತು.

ತಪ್ಪು ಒಂದೇ ಪದದಲ್ಲಿತ್ತು. ರೂಲ್ ಫೈಲಿನಲ್ಲಿ ನನ್ನ ರೂಲ್‌ಗಳೆಲ್ಲ ‘ಟೇಬಲ್ ಐಪಿ’ ಒಳಗಿದ್ದವು. ಅದು ನೋಡಿಕೊಳ್ಳೋದು ಹಳೇ ಪದ್ಧತಿಯಾದ ಐಪಿವಿ4 ಮಾತ್ರ. ಐಪಿವಿ6ನಲ್ಲಿ ಪ್ರತಿ ಸಾಧನಕ್ಕೂ ಹೊರಗಿನಿಂದ ನೇರವಾಗಿ ತಲುಪಬಹುದಾದ ಸ್ವಂತ ಅಡ್ರೆಸ್ ಇರುತ್ತದೆ, ಮಾಸ್ಕರೇಡಿನ ಮರೆ ಇರುವುದಿಲ್ಲ. ‘ಟೇಬಲ್ ಐನೆಟ್’ ಅಂತ ಬರೆದರೆ ರೂಲ್ ಎರಡಕ್ಕೂ ನಡೆಯುತ್ತದೆ.

ಹಾಗಾಗಿ ಐನೆಟ್‌ನಿಂದಲೇ ಶುರು ಮಾಡಿ. ಫಾರ್ವರ್ಡ್ ಚೈನ್ ಅಂದರೆ ಈ ಕಂಪ್ಯೂಟರನ್ನು ದಾಟಿ ಹೋಗುವುದಕ್ಕೆ ಇರುವ ರೂಲ್‌ಗಳ ಸಾಲು. ಅದರ ಪಾಲಿಸಿ ಡ್ರಾಪ್ ಇರಲಿ, ಅಂದರೆ ಒಪ್ಪಿಗೆ ಕೊಡದಿದ್ದದ್ದೆಲ್ಲ ತಡೆ. ಒಳಗಿನಿಂದ ಹೊರಗೆ ಹೋಗೋದಕ್ಕೆ ಒಪ್ಪಿಗೆ, ಅದಕ್ಕೆ ಬರುವ ಉತ್ತರಕ್ಕೆ ಒಪ್ಪಿಗೆ, ಅಂದರೆ ಎಸ್ಟಾಬ್ಲಿಷ್ಡ್ ಮತ್ತು ರಿಲೇಟೆಡ್. ಇನ್‌ಪುಟ್ ಚೈನೂ, ಅಂದರೆ ಈ ಕಂಪ್ಯೂಟರಿಗೇ ಬರುವುದಕ್ಕೆ ಇರುವ ರೂಲ್‌ಗಳೂ, ಡ್ರಾಪ್. ಇಲ್ಲೂ ಉತ್ತರಗಳಿಗೆ ಒಪ್ಪಿಗೆ ಇರಲಿ. ಲೂಪ್‌ಬ್ಯಾಕ್ (ಕಂಪ್ಯೂಟರ್ ತನ್ನೊಳಗೇ ಮಾತಾಡುವುದು) ಒಳಗೆ ಬಿಡಿ, ಮನೆ ಕಡೆಯಿಂದ ಡಿಎನ್‌ಎಸ್ (ಸೈಟಿನ ಹೆಸರಿಗೆ ಅಡ್ರೆಸ್ ಹುಡುಕುವುದು), ಡಿಎಚ್‌ಸಿಪಿ, ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವುದು) ಒಳಗೆ ಬಿಡಿ. ಐಸಿಎಂಪಿವಿ6 ಅನ್ನೋ ನೆಟ್‌ವರ್ಕಿನ ಸೂಚನಾ ಸಂದೇಶಗಳನ್ನು ಪೂರ್ತಿ ಮುಚ್ಚಬೇಡಿ. ಪಕ್ಕದ ಸಾಧನ ಯಾವುದು ಅಂತ ಐಪಿವಿ6 ಅದರ ಮೂಲಕವೇ ಪತ್ತೆ ಮಾಡೋದು. ಮುಚ್ಚಿದರೆ ಐಪಿವಿ6 ನೆಟ್ಟೇ ನಿಲ್ಲುತ್ತದೆ.

ನಿಮ್ಮದು ಪಿಪಿಪಿಒಇ ಕನೆಕ್ಷನ್ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವಂಥದ್ದು) ಆಗಿದ್ದರೆ ಎಂಟಿಯು, ಅಂದರೆ ಒಂದು ಸಲಕ್ಕೆ ಕಳಿಸಬಹುದಾದ ಪ್ಯಾಕೆಟ್ಟಿನ ಗರಿಷ್ಠ ಗಾತ್ರ, ಸಾಮಾನ್ಯವಾಗಿ 1500 ಬೈಟ್ ಅಲ್ಲ, 1492. ಕೆಲವು ಸೈಟ್ ಮಾತ್ರ ತೆರೆಯದೆ ಸುತ್ತುತ್ತಾ ಇದ್ದರೆ ಪ್ಯಾಕೆಟ್ಟುಗಳನ್ನು ಆ ಗಾತ್ರದೊಳಗೆ ಇರಿಸುವ ಎಂಎಸ್‌ಎಸ್ ಕ್ಲ್ಯಾಂಪ್ ರೂಲ್ ಹಾಕಿ, ಸರಿಹೋಗುತ್ತದೆ.

ಮೊದಲ ಸಲ ರೂಲ್ ಲೋಡ್ ಮಾಡುವಾಗ ಆ ಕಂಪ್ಯೂಟರಿಗೇ ಮಾನಿಟರ್, ಕೀಬೋರ್ಡ್ ಹಾಕಿಕೊಂಡು ಕೂರಿ. ದೂರದಿಂದ ಎಸ್‌ಎಸ್‌ಎಚ್‌ನಲ್ಲಿ ಮಾಡಿದರೆ ಒಂದು ಸಾಲು ತಪ್ಪಿದರೂ ನೀವೇ ಹೊರಗೆ ಉಳಿಯುತ್ತೀರಿ. ಆಮೇಲೆ ಮೊಬೈಲ್ ಡೇಟಾದಿಂದ ನಿಮ್ಮ ಟಿವಿ, ಕ್ಯಾಮೆರಾಗಳ ಐಪಿವಿ6 ಅಡ್ರೆಸ್‌ಗಳನ್ನು ಒಂದೊಂದಾಗಿ ಹೊಡೆದು ನೋಡಿ. ಯಾವುದಾದರೂ ತೆರೆದುಕೊಂಡರೆ ನಿಮ್ಮ ಅಡ್ರೆಸ್ ಅಳಿಸಿ ರೂಲ್ ಫೈಲನ್ನು ಇಲ್ಲೇ ಹಾಕಿ, ಸಾಲು ಸಾಲಾಗಿ ನೋಡೋಣ.