ಕೇಳಿದ್ರೆ ತಾನೆ ಹೇಳೋದು?

ಈ ಮಾತನ್ನು ಶಿವಮೊಗ್ಗದ ನನ್ನ ಆಪ್ತಸಮಾಲೋಚನೆಯ ಕೋಣೆಯಲ್ಲಿ ತುಂಬಾ ಜನರ ಬಾಯಲ್ಲಿ ಕೇಳಿದ್ದೇನೆ. ಖಾಸಗಿ ಶಾಲೆಯ ಟೀಚರ್‌ಗಳು ಹೇಳಿದ್ದಾರೆ, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರು ಹೇಳಿದ್ದಾರೆ, ಆಸ್ಪತ್ರೆಯ ನರ್ಸುಗಳು ಹೇಳಿದ್ದಾರೆ. ಆದರೆ ಒಂದು ಮಳೆಗಾಲದಲ್ಲಿ ಬಂದ ಒಬ್ಬರು ಅದನ್ನು ಹೇಳಿದ ರೀತಿ ಇನ್ನೂ ನನ್ನ ಮನಸ್ಸಿನಿಂದ ಹೋಗಿಲ್ಲ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ.

ವಯಸ್ಸು 36. ಐಟಿಐ ಓದಿದವರು. ಮನೆ ಭದ್ರಾವತಿಯಲ್ಲಿ. ಮಾಚೇನಹಳ್ಳಿಯ ಒಂದು ಕಾರ್ಖಾನೆಯಲ್ಲಿ 13 ವರ್ಷದಿಂದ ಸಿಎನ್‌ಸಿ ಆಪರೇಟರ್, ಅಂದರೆ ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕೊರೆಯುವ ಮಷಿನ್ ನಡೆಸುವವರು. ನನ್ನ ಹತ್ತಿರ ಕರೆದುಕೊಂಡು ಬಂದದ್ದು ಹೆಂಡತಿ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಮಕ್ಕಳ ಮೇಲೆ ಸುಮ್ಸುಮ್ನೆ ರೇಗುತ್ತಾರೆ ಎಂದರು. ಕಾರಣ ಹುಡುಕಲು ಕಷ್ಟಪಡಬೇಕಾಗಲಿಲ್ಲ. ಡಿಪ್ಲೊಮಾ ಮುಗಿಸಿ ಬಂದ 24ರ ಹುಡುಗನೊಬ್ಬನಿಗೆ ಇವರೇ ಕೈ ಹಿಡಿದು ಮಷಿನ್ ಕಲಿಸಿದ್ದರು. ಆರು ತಿಂಗಳ ಹಿಂದೆ ಅವನು ಸೂಪರ್‌ವೈಸರ್ ಆಗಿದ್ದ. ಈಗ ಇವರ ರಜೆ ಚೀಟಿಗೆ ಅವನದೇ ಸಹಿ.

ಮೊದಲ ಎರಡು ಭೇಟಿ ನಿದ್ದೆ ಮತ್ತು ಸಿಟ್ಟಿನ ಮಾತಿನಲ್ಲೇ ಕಳೆಯಿತು. ನಾನೂ ಒಂದು ಆತುರ ಮಾಡಿದೆ. ಐಟಿಐ ಆದವರು ಲ್ಯಾಟರಲ್ ಎಂಟ್ರಿಯಲ್ಲಿ ಡಿಪ್ಲೊಮಾದ ಎರಡನೇ ವರ್ಷಕ್ಕೇ ಸೇರಬಹುದಲ್ಲ, ಯೋಚನೆ ಮಾಡಿ ಎಂದೆ. ಅವರು ತಲೆ ಆಡಿಸಿದರು, ಅಷ್ಟೆ. ಎದುರಿಗಿರುವ ಮನುಷ್ಯನ ಕೈಯಲ್ಲಿ ಏನಿದೆ ಎಂದು ನೋಡುವ ಮೊದಲೇ ಇಲ್ಲದ್ದನ್ನು ತೋರಿಸಿದ್ದು ತಪ್ಪು. ಅದು ನನಗೆ ಮೂರನೇ ಭೇಟಿಯಲ್ಲಿ ಗೊತ್ತಾಯಿತು.

ಆ ದಿನ ಅವರು ಮೊದಲ ಶಿಫ್ಟ್ ಮುಗಿಸಿ ನೇರ ಬಂದಿದ್ದರು. ನೆನೆದ ರೈನ್‌ಕೋಟನ್ನು ಬಾಗಿಲ ಹೊರಗೆ ನೇತುಹಾಕಿ ಕೂತರು. "ಇವತ್ತು ಕೆಲಸದಲ್ಲಿ ಏನಾಯಿತು, ಅದನ್ನಷ್ಟೇ ಹೇಳಿ" ಎಂದೆ. ಅಂಗಿ ಜೇಬಿನಿಂದ ಒಂದು ಸಣ್ಣ ಡೈರಿ ತೆಗೆದರು. ಅಂಚೆಲ್ಲ ಎಣ್ಣೆ ಹೀರಿ ಕಪ್ಪಾಗಿತ್ತು. ಒಳಗೆ ಪೆನ್ಸಿಲ್ಲಿನಲ್ಲಿ ಗೀಟು ಹಾಕಿ ಐದು ಕಾಲಂ. ತಾರೀಕು, ಮಷಿನ್, ಪೀಸು, ಏನು ಕೆಟ್ಟಿತು, ಏನು ಮಾಡಿದೆ. ಇಂಥ ಡೈರಿ ಮನೆಯಲ್ಲಿ ಇನ್ನೂ ಎಂಟು ಇವೆಯಂತೆ.

ಒಂದು ಪುಟ ತಿರುಗಿಸಿ ತೋರಿಸಿದರು. ಸೋಮವಾರ, ಸೋಮವಾರ, ಸೋಮವಾರ.

"ಇದೇನು, ಎಲ್ಲ ಸೋಮವಾರವೇ ಇದೆ?"

"ಭಾನುವಾರ ರಜೆ ಅಲ್ವಾ ಮೇಡಂ, ಮಷಿನ್ ತಣ್ಣಗಾಗಿರುತ್ತೆ. ಮಳೆಗಾಲದಲ್ಲಂತೂ ಕೇಳಲೇಬೇಡಿ. ಬೆಳಿಗ್ಗೆ ಹಚ್ಚಿದ ತಕ್ಷಣ ಪೀಸು ಹಾಕಿದರೆ ಮೊದಲಿನ ನಾಲ್ಕೈದರಲ್ಲಿ ಅಳತೆ ತಪ್ಪುತ್ತೆ. ಓಡ್ತಾ ಓಡ್ತಾ ಬಿಸಿಯಾಗಿ ಸ್ಪಿಂಡಲ್, ಸ್ಕ್ರೂ ಎಲ್ಲ ಒಂಚೂರು ಹಿಗ್ಗುತ್ತೆ. ಆಮೇಲೆ ತಾನೇ ಸರಿಹೋಗುತ್ತೆ. ಬೇರೆ ಆಪರೇಟರ್‌ಗಳು ಮಧ್ಯದಲ್ಲಿ ಆಫ್‌ಸೆಟ್, ಅಂದ್ರೆ ಮಷಿನ್ನಿಗೆ ಕೊಡೋ ಅಳತೆಯ ತಿದ್ದುಪಡಿ, ಬದಲಾಯಿಸ್ತಾರೆ. ಮಷಿನ್ ಬಿಸಿಯಾದ ಮೇಲೆ ಆ ಆಫ್‌ಸೆಟ್ಟೇ ತಪ್ಪಾಗುತ್ತೆ."

ಒಂದು ಮೀಟರ್ ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಸುಮಾರು 12 ಮೈಕ್ರಾನ್ ಉದ್ದವಾಗುತ್ತದೆ ಎಂದು ನನಗೆ ಲೆಕ್ಕ ಹೇಳಿಕೊಟ್ಟರು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ತಮ್ಮ ಮಷಿನ್ನನ್ನು ಅವರು ಪೀಸು ಹಾಕುವ ಮೊದಲು 20 ನಿಮಿಷ ಖಾಲಿ ಓಡಿಸುತ್ತಾರಂತೆ. ಹಾಗೆ ಮಾಡಲು ಶುರು ಮಾಡಿದ ಮೇಲೆ ಅವರ ಮಷಿನ್ನಿನಲ್ಲಿ ಸೋಮವಾರದ ರಿಜೆಕ್ಷನ್ ಹೆಚ್ಚುಕಡಿಮೆ ನಿಂತೇಹೋಗಿದೆ. ಪಕ್ಕದ ಮಷಿನ್ನುಗಳಲ್ಲಿ ನಿಂತಿಲ್ಲ. ಹೇಳುವಾಗ ಆ ಮುಖದಲ್ಲಿ ಆಯಾಸದ ಸುಳಿವೂ ಇರಲಿಲ್ಲ. ಎರಡು ಭೇಟಿಯಲ್ಲಿ ನಾನು ನೋಡದ ಮನುಷ್ಯ ಅವರು.

"ಇದನ್ನು ಯಾರಿಗೆ ಹೇಳಿದ್ದೀರಿ?"

ಡೈರಿ ಮುಚ್ಚಿದರು. ಜೇಬಿಗೆ ಇಟ್ಟುಕೊಂಡರು.

"ಕೇಳಿದ್ರೆ ತಾನೆ ಹೇಳೋದು?"

ನಾನು ಸುಮ್ಮನೆ ಕೂತೆ. ಅವರೂ ಕೂತರು. ಆಮೇಲೆ ನಿಧಾನಕ್ಕೆ ಅಪ್ಪನ ವಿಷಯ ಬಂತು. ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕಾಯಂ ನೌಕರರಾಗಿದ್ದವರು. ವಿಶ್ವೇಶ್ವರಯ್ಯನವರ ಹೆಸರಿನ, 1923ರಿಂದ ಕಬ್ಬಿಣ ಕರಗಿಸಿದ ಆ ಕಾರ್ಖಾನೆ ಅರ್ಧ ಊರಿಗೆ ಅನ್ನ ಹಾಕಿದೆ. ಅಲ್ಲಿ ಸೀನಿಯಾರಿಟಿ ಪಟ್ಟಿ ಇತ್ತು, ಸರದಿ ಬಂದಾಗ ಅಪ್ಪನಿಗೆ ಪ್ರಮೋಷನ್ ಬಂತು. "ತಲೆ ತಗ್ಗಿಸಿ ಕೆಲಸ ಮಾಡು, ಬರೋದು ತಾನಾಗೇ ಬರುತ್ತೆ" ಎಂದು ಅವರು ಮಗನಿಗೆ ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ, ಅವರ ಮಟ್ಟಿಗೆ ಅದು ನಿಜವೇ. ಮಗನ ಕಾರ್ಖಾನೆಯಲ್ಲಿ ಅಂಥ ಪಟ್ಟಿಯೇ ಇಲ್ಲ. ಇಲ್ಲದ ಪಟ್ಟಿಯಲ್ಲಿ ತನ್ನ ಸರದಿಗಾಗಿ ಇವರು 13 ವರ್ಷ ಕಾದಿದ್ದರು.

ನಮ್ಮ ಕಡೆಯ ಸಂಕೋಚವೂ ಇದಕ್ಕೆ ಸೇರಿಕೊಂಡಿದೆ. ಮಲೆನಾಡಿನಲ್ಲಿ ನೆಂಟರ ಮನೆಗೆ ಹೋದರೆ ಹೊಟ್ಟೆ ಹಸಿದಿದ್ದರೂ ಎರಡು ಸಲ ಬೇಡ ಎಂದೇ ಬಡಿಸಿಕೊಳ್ಳುವವರು ನಾವು. ಮಾಡಿದ್ದನ್ನು ಬಾಯಿಬಿಟ್ಟು ಹೇಳಿದರೆ ಕೊಚ್ಚಿಕೊಂಡ ಹಾಗೆ ಅನ್ನಿಸುತ್ತದೆ. ಇವರಿಗೆ ನಾನು ಹೇಳಿದ್ದು ಇಷ್ಟೇ. "ನಾನು ಬುದ್ಧಿವಂತ ಅಂದರೆ ಅದು ಕೊಚ್ಚಿಕೊಳ್ಳೋದು. ಸೋಮವಾರ ಇಷ್ಟು ಪೀಸು ಕೆಡುತ್ತಿತ್ತು, ಈಗ ಇಷ್ಟು ಅಂದರೆ ಅದು ಲೆಕ್ಕ ಒಪ್ಪಿಸೋದು. ಲೆಕ್ಕ ಒಪ್ಪಿಸೋಕೆ ಯಾಕೆ ನಾಚಿಕೆ?"

ಕೊಟ್ಟ ಸಲಹೆ ಹೀಗಿತ್ತು. ಡೈರಿಯಲ್ಲಿರುವುದನ್ನು ಒಂದೇ ಹಾಳೆಗೆ ಇಳಿಸಿ. ಮೂರು ತಿಂಗಳ ಸೋಮವಾರಗಳು ಸಾಕು. ಕೆಳಗೆ ನಿಮ್ಮ ಹೆಸರು, ತಾರೀಕು ಇರಲಿ. ಪ್ರೊಡಕ್ಷನ್ ಮ್ಯಾನೇಜರ್ ಹತ್ತಿರ ಹೋಗುವಾಗ ಆ ಹುಡುಗ ಸೂಪರ್‌ವೈಸರ್‌ನನ್ನೂ ಕರೆದುಕೊಂಡು ಹೋಗಿ. ಅವನನ್ನು ಬಿಟ್ಟು ಹೋದರೆ ಚಾಡಿ ಹೇಳಿದ ಹಾಗಾಗುತ್ತದೆ. ಅವನ ಕೈಯಲ್ಲಿ ಕೊಟ್ಟು ಕಳಿಸಿದರೆ ಹಾಳೆಯ ಮೇಲಿನ ಹೆಸರು ಮೇಲಿನವರೆಗೆ ಮುಟ್ಟದೇ ಹೋಗಬಹುದು. ಸಂಬಳದ ಮಾತು ಆ ದಿನ ಬೇಡ. ಇನ್ನೆರಡು ಮಷಿನ್ನಿನಲ್ಲಿ ಒಂದು ತಿಂಗಳು ಮಾಡಿ ನೋಡೋಣ, ಜವಾಬ್ದಾರಿ ನನಗಿರಲಿ ಎಂದು ಕೇಳಿ. ಆ ತಿಂಗಳು ಮುಗಿದ ಮೇಲೆ ಸಂಬಳದ ಮಾತನ್ನು ತಪ್ಪದೇ ಎತ್ತಿ.

ಈ ಸಲಹೆಯನ್ನು ನನ್ನ ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲ. ಅವನ ಪಾಲಿನದನ್ನು ಕೊಡದ ಕಂಪನಿಗೆ ಅವನ ತಲೆಯನ್ನೂ ಪುಕ್ಕಟೆ ಕೊಡಿಸಿದಿರಲ್ಲ ಎಂದರು. ಈ ಮಾತು ನನಗೂ ತಟ್ಟಿತು. ಅನ್ಯಾಯ ಆಗಿಲ್ಲ ಎಂದು ನಾನು ಹೇಳುವುದಿಲ್ಲ, ಆಗಿದೆ. ಆದರೆ ಎಂಟು ಡೈರಿ ಮನೆಯಲ್ಲಿದ್ದು ಯಾರಿಗೆ ಏನು ಬಂತು? ಕಂಪನಿಗೆ ನಷ್ಟ ಆಗಿದ್ದರೆ ಒಂದಿಷ್ಟು ಪೀಸು. ಇವರ ನಿದ್ದೆಯೇ ಹೋಗಿತ್ತು. ನಾಳೆ ಬೇರೆ ಕಡೆ ಇಂಟರ್‌ವ್ಯೂಗೆ ಹೋದರೂ 13 ವರ್ಷ ಆಪರೇಟರ್ ಆಗಿದ್ದೆ ಎನ್ನುವುದಕ್ಕೂ, ಈ ತೊಂದರೆ ಕಂಡುಹಿಡಿದೆ, ಹೀಗೆ ಸರಿ ಮಾಡಿದೆ ಎನ್ನುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಡಿಪ್ಲೊಮಾ ಬೇಡ ಎಂದೂ ನಾನು ಹೇಳಲಿಲ್ಲ. ಆದರೆ ಸೋತೆ ಎನ್ನುವ ಮನಸ್ಸಿನಲ್ಲಿ ಸೇರುವುದು ಬೇಡ, ಬೇಕು ಅನ್ನಿಸಿದಾಗ ಸೇರಲಿ ಎನ್ನುವುದು ನನ್ನ ನಿಲುವು. ಈಗಲೂ ಅದೇ.

ಹಾಳೆ ಕೊಟ್ಟ ಮೇಲೆ ಎರಡು ವಾರ ಯಾರೂ ಏನೂ ಹೇಳಲಿಲ್ಲ. ಆ ಎರಡು ವಾರ ಅವರು ನನಗೆ ನಾಲ್ಕು ಸಲ ಫೋನ್ ಮಾಡಿದರು. ಒಂದು ಸಲ "ಮರ್ಯಾದೆ ಕಳ್ಕೊಂಡೆ ಮೇಡಂ" ಎಂದು ಅತ್ತರು. ಸಲಹೆ ಕೊಟ್ಟ ನನಗೂ ಆಗ ಧೈರ್ಯ ಇರಲಿಲ್ಲ. ಮೂರನೇ ವಾರ ಎರಡು ಮಷಿನ್ ಕೊಟ್ಟರು. ದೀಪಾವಳಿ ಕಳೆದ ಮೇಲೆ ಅವರನ್ನು ಸೆಟ್ಟರ್, ಅಂದರೆ ಮಷಿನ್ನನ್ನು ಕೆಲಸಕ್ಕೆ ಹೊಂದಿಸಿ ಕೊಡುವವರು, ಮಾಡಿದರು, ಹೊಸ ಟ್ರೈನಿಗಳಿಗೆ ಕಲಿಸುವ ಕೆಲಸವನ್ನೂ ವಹಿಸಿದರು. ಸಂಬಳ ಏರಿತು, ಅವರು ಕೇಳಿದಷ್ಟು ಅಲ್ಲ. ಸೂಪರ್‌ವೈಸರ್ ಹುದ್ದೆ ಬಂದಿಲ್ಲ. ಅದರ ನೋವು ಹೋಗಿಲ್ಲ, ಆದರೆ ನಿದ್ದೆ ಬರುತ್ತಿದೆ ಎಂದು ಹೆಂಡತಿ ಹೇಳಿದರು.

ಕೊನೆಯ ಸಲ ಬಂದಾಗ ಜೇಬಿನಲ್ಲಿ ಹೊಸ ಡೈರಿ ಇತ್ತು. ಕೇಳದೇ ತಾವೇ ತೆಗೆದು ನನ್ನ ಮುಂದಿಟ್ಟರು. ಈಗ ಅದರಲ್ಲಿ ಆರು ಕಾಲಂ. ಕೊನೆಯದರ ತಲೆಯ ಮೇಲೆ "ಯಾರಿಗೆ ಹೇಳಿದೆ" ಎಂದು ಬರೆದಿತ್ತು. ಕೆಳಗೆ ಕೆಲವು ಸಾಲು ತುಂಬಿದ್ದವು, ಕೆಲವು ಇನ್ನೂ ಖಾಲಿ ಇದ್ದವು.