ಒಂದು ಗಂಟೆಯ ಪರೀಕ್ಷೆ, ನಾಲ್ಕು ಗಂಟೆಯ ಲೆಕ್ಕ

ಮೈಸೂರಿನಿಂದ ಓದುಗರೊಬ್ಬರು ಬರೆದಿದ್ದಾರೆ: "ಮಗಳು ಇಂಗ್ಲೆಂಡಿನಲ್ಲಿದ್ದಾಳೆ, ಎಂಟು ತಿಂಗಳು ತುಂಬಿದೆ. ಅಮೆರಿಕದಲ್ಲಿರುವ ಅವಳ ನಾದಿನಿಗೆ 36ನೇ ವಾರದಲ್ಲೇ ಜಿಬಿಎಸ್ ಪರೀಕ್ಷೆ ಮಾಡಿದ್ದರು. ಇವಳಿಗೆ ಮಾಡಿಲ್ಲ. ನೋವು ಶುರುವಾದ ಮೇಲೆ ಗಂಟೆಯೊಳಗೆ ಗೊತ್ತಾಗುವ ಪರೀಕ್ಷೆ ಇದೆಯಂತೆ, ಅದು ಸಾಲದೇ?"

ಸಾಲುತ್ತದೆ, ಹೆರಿಗೆ ಅಷ್ಟು ಹೊತ್ತು ಕಾದರೆ. ಜಿಬಿಎಸ್ ಎಂದರೆ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ. ಬ್ರಿಟನ್ನಿನಲ್ಲಿ ಸುಮಾರು ಐವರಲ್ಲಿ ಒಬ್ಬ ಗರ್ಭಿಣಿಯ ಕರುಳಲ್ಲೋ ಯೋನಿಯಲ್ಲೋ ಅದು ತೊಂದರೆ ಕೊಡದೆ ಇರುತ್ತದೆ. ಅಪಾಯ ಇರುವುದು ಮಗುವಿಗೆ. ಹುಟ್ಟುವಾಗ ಅಂಟಿಕೊಂಡರೆ, ಅಪರೂಪಕ್ಕೆ, ಮೊದಲ ದಿನದಲ್ಲೇ ರಕ್ತದ ನಂಜೋ ನ್ಯುಮೋನಿಯಾವೋ ಆಗಬಹುದು. ಅದಕ್ಕೇ ತಾಯಿಗೆ ಹೆರಿಗೆಯ ಹೊತ್ತಿನಲ್ಲಿ ರಕ್ತನಾಳದ ಮೂಲಕ ಪೆನಿಸಿಲಿನ್: ಬ್ರಿಟನ್ನಿನಲ್ಲಿ ಮೊದಲಿಗೆ 3 ಗ್ರಾಂ, ಆಮೇಲೆ ಹೆರಿಗೆಯಾಗುವವರೆಗೂ 4 ಗಂಟೆಗೊಮ್ಮೆ 1.5 ಗ್ರಾಂ. ಮಗು ಹೊರಬರುವ ಮೊದಲು ಕನಿಷ್ಠ 4 ಗಂಟೆ ಮದ್ದು ಒಳಗಿರಬೇಕೆಂಬುದು ಗುರಿ.

ಅಮೆರಿಕದವರು 36–37ನೇ ವಾರದಲ್ಲಿ ಎಲ್ಲರಿಗೂ ಕಲ್ಚರ್, ಅಂದರೆ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸುತ್ತಾರೆ. ವರದಿಗೆ ಎರಡು ಮೂರು ದಿನ ಬೇಕು, ಮತ್ತು ಈ ಬ್ಯಾಕ್ಟೀರಿಯಾ ಬಂದು ಹೋಗುವ ಗಿರಾಕಿಯಾದ್ದರಿಂದ ಐದು ವಾರ ದಾಟಿದರೆ ವರದಿ ಹಳಸುತ್ತದೆ. ನೀವು ಕೇಳಿದ ಗಂಟೆಯ ಪರೀಕ್ಷೆ ಪಿಸಿಆರ್, ಅಂದರೆ ಬ್ಯಾಕ್ಟೀರಿಯಾದ ಡಿಎನ್ಎಯನ್ನು ಹುಡುಕುವಂಥದ್ದು. ಹೆರಿಗೆ ಕೋಣೆಯಲ್ಲೇ ಮಾಡುವ ಅದಕ್ಕೆ ಈ ಕೊರತೆಯಿಲ್ಲ: ಆ ಹೊತ್ತಿಗೆ ಏನಿದೆಯೋ ಅದನ್ನೇ ಹೇಳುತ್ತದೆ.

ಮಾದರಿ ತೆಗೆಯುವ ಕಡ್ಡಿಯನ್ನು (ಸ್ವಾಬ್) ಮೊದಲು ಯೋನಿಯ ಕೆಳಭಾಗದಲ್ಲಿ ಆಡಿಸಿ, ಅದೇ ಸ್ವಾಬನ್ನು ಗುದದ್ವಾರದ ಬಿಗಿ ಸ್ನಾಯುವನ್ನು ದಾಟಿಸಿ ತೆಗೆಯಬೇಕು. ಈ ಕ್ರಮ ತಲೆಕೆಳಗಾಗಬಾರದು. ಗುದದ ಭಾಗ ಬಿಟ್ಟರೆ ಇದ್ದ ಸೋಂಕೇ ಸಿಗದೆ ಹೋಗಬಹುದು. ಸ್ವಾಬಿನ ತುದಿಯನ್ನು ಕಾರ್ಟ್ರಿಜ್ ಎಂಬ ಪರೀಕ್ಷೆಯ ಪುಟ್ಟ ಡಬ್ಬಿಯೊಳಗೆ ಮುರಿದು ಮುಚ್ಚಿ ಯಂತ್ರಕ್ಕಿಟ್ಟರೆ ಸುಮಾರು 50 ನಿಮಿಷ. ಲೋಳೆ, ರಕ್ತ, ಮಗುವಿನ ಮೊದಲ ಮಲ ಹೆಚ್ಚು ಮೆತ್ತಿಕೊಂಡಿದ್ದರೆ ಯಂತ್ರ ಫಲಿತಾಂಶವನ್ನೇ ಕೊಡದೆ ನಿಲ್ಲುತ್ತದೆ. ಮತ್ತೆ ಮೊದಲಿನಿಂದ, ಇನ್ನೊಂದು ಗಂಟೆ. ಯಂತ್ರ ಹೆರಿಗೆ ಕೋಣೆಯ ಪಕ್ಕದಲ್ಲಿರದೆ ಲ್ಯಾಬಿನಲ್ಲಿದ್ದರಂತೂ ಆ 50 ನಿಮಿಷ ಕಾಗದದ ಮೇಲಿನದು. ಚೊಚ್ಚಲಾದರೆ ಇಷ್ಟಕ್ಕೆಲ್ಲ ಸಮಯ ಸಿಗುತ್ತದೆ. ಎರಡನೆಯದು ಬೇಗ ಆಗಿಬಿಟ್ಟರೆ ಫಲಿತಾಂಶಕ್ಕಿಂತ ಮೊದಲು ಮಗು ಬರುತ್ತದೆ.

ಬ್ರಿಟನ್ನಿನ 20 ಆಸ್ಪತ್ರೆಗಳಲ್ಲಿ ನಡೆದ ಜಿಬಿಎಸ್2 ಅಧ್ಯಯನದಲ್ಲಿ ಈ ಪರೀಕ್ಷೆ ಸೋಂಕಿದ್ದವರಲ್ಲಿ ಶೇ. 86 ಮಂದಿಯನ್ನು ಹಿಡಿಯಿತು, ಇಲ್ಲದವರಲ್ಲಿ ಶೇ. 89 ಮಂದಿಗೆ ಸರಿಯಾಗಿ ಇಲ್ಲವೆಂದಿತು. ಪರೀಕ್ಷೆಯಿಂದ ತಾಯಂದಿರಿಗೆ ಕೊಡುವ ಆಂಟಿಬಯೋಟಿಕ್ ಕಡಿಮೆಯಾದೀತೆಂಬ ನಿರೀಕ್ಷೆ ಇತ್ತು, ಆಗಲಿಲ್ಲ. ನಮ್ಮ ಮಾತು: ಇದು ಒಳ್ಳೆಯ ಉಪಕರಣ, ಆದರೆ ಇದನ್ನು ನಂಬಿ ಮೊದಲೇ ಕೇಳಬೇಕಾದದ್ದನ್ನು ಕೇಳದೆ ಬಿಡಬೇಡಿ.

ಈ ಗರ್ಭದಲ್ಲಿ ಮೂತ್ರದಲ್ಲಿ ಜಿಬಿಎಸ್ ಕಂಡಿದ್ದರೆ, ಅಥವಾ ಹಿಂದಿನ ಮಗುವಿಗೆ ಈ ಕಾಯಿಲೆ ಬಂದಿದ್ದರೆ ಯಾವ ಪರೀಕ್ಷೆಯೂ ಬೇಡ, ನೇರ ಪೆನಿಸಿಲಿನ್. 37 ವಾರಕ್ಕೆ ಮುಂಚೆ ನೋವು ಬಂದರೆ ಅಥವಾ ಜ್ವರ 38 ಡಿಗ್ರಿ ಮುಟ್ಟಿದರೆ ನೆಗೆಟಿವ್ ವರದಿ ಹಿಡಿದುಕೊಂಡು ಕೂರುವಂತಿಲ್ಲ, ಆಂಟಿಬಯೋಟಿಕ್ ಬೇಕು.

ಮಗಳಿಗೆ ಪೆನಿಸಿಲಿನ್ ಅಲರ್ಜಿ ಇದೆಯೇ? ಪತ್ರದಲ್ಲಿ ಬರೆದಿಲ್ಲ. ಇದ್ದರೆ ಈಗಲೇ ಅಲ್ಲಿನ ಮಿಡ್‌ವೈಫ್‌ಗೆ ಹೇಳಿಸಿ. ಪಿಸಿಆರ್ ಬ್ಯಾಕ್ಟೀರಿಯಾ ಇದೆಯೇ ಎಂದಷ್ಟೇ ಹೇಳುತ್ತದೆ, ಯಾವ ಬದಲಿ ಮದ್ದಿಗೆ ಬಗ್ಗುತ್ತದೆ ಎಂದು ಸಾಮಾನ್ಯವಾಗಿ ಹೇಳುವುದಿಲ್ಲ. ಅದಕ್ಕೆ ಕಲ್ಚರೇ ಆಗಬೇಕು, ಮತ್ತದು ನೋವು ಶುರುವಾಗುವ ಮೊದಲು.

ಹಾಗೆಂದು ಇದನ್ನು ಓದಿ ಇಲ್ಲಿನ ಗರ್ಭಿಣಿಯರು ಲ್ಯಾಬಿಗೆ ಓಡಬೇಕಿಲ್ಲ. ದೆಹಲಿಯ ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಅಧ್ಯಯನವೊಂದರಲ್ಲಿ ಹಸುಗೂಸುಗಳ ನಂಜಿನಲ್ಲಿ ಮುಂದಿದ್ದವು ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಇ. ಕೋಲೈ ಎಂಬ ಬೇರೆ ಬ್ಯಾಕ್ಟೀರಿಯಾಗಳು. ಅವುಗಳನ್ನು ಈ ಕಾರ್ಟ್ರಿಜ್ ಹುಡುಕುವುದೇ ಇಲ್ಲ.