‘ಜಾಗ ಇಲ್ಲ’ ಎಂದ ಟೀಚರ್

ನಾಲ್ಕು ವರ್ಷದಲ್ಲಿ ಇದು ಮೂರನೇ ಸಲ. ವಿಶೇಷ ಮಕ್ಕಳ ಶಾಲೆಯಲ್ಲಿ ಹೆಸರು ಮಾಡಿದ ಟೀಚರ್ ಒಬ್ಬರು ಹೆಡ್‌ಮಿಸ್ ಕುರ್ಚಿಗೆ ಕೂತ ಕೆಲವೇ ತಿಂಗಳಿಗೆ ನಿದ್ದೆ ಬರ್ತಿಲ್ಲ ಅಂತ ಕೌನ್ಸೆಲರ್ ಆದ ನನ್ನ ಹತ್ತಿರ ಬರುತ್ತಾರೆ. ಮೊದಲ ಇಬ್ಬರ ವಿಷಯ ಬರೆಯಲಿಲ್ಲ. ಅದರಲ್ಲೂ ಮೊದಲನೆಯವರಿಗೆ ನಾನು ಕೊಟ್ಟ ಸಲಹೆ ನೆನೆದರೆ ಈಗಲೂ ಮುಜುಗರ. ಅದನ್ನು ಆಮೇಲೆ ಹೇಳುತ್ತೇನೆ.

ಇವರನ್ನು ಸುಧಾ ಅಂತ ಕರೆಯೋಣ. ಹೆಸರು, ವಯಸ್ಸು, ಶಾಲೆಯ ಗುರುತು ಎಲ್ಲ ಬದಲಿಸಿದ್ದೇನೆ. ಕುಂದಾಪುರದ ಕಡೆಯವರು, ಮದುವೆಯಾಗಿ ಮುಂಬೈಗೆ ಬಂದವರು. ವಿಶೇಷ ಶಿಕ್ಷಣದಲ್ಲಿ ಬಿ.ಎಡ್. ಠಾಣೆ ದಾಟಿದ ಮೇಲಿನ ಒಂದು ಅನುದಾನಿತ ಶಾಲೆಯಲ್ಲಿ, ಬೌದ್ಧಿಕ ಸವಾಲಿರುವ ಮಕ್ಕಳ ಜೊತೆ ಹದಿನಾಲ್ಕು ವರ್ಷ. ಹಳೇ ಹೆಡ್‌ಮಿಸ್ ಮೇ ತಿಂಗಳಲ್ಲಿ ನಿವೃತ್ತರಾದರು. ಜೂನ್‌ನಲ್ಲಿ ಶಾಲೆ ಶುರುವಾದ ದಿನ ಟ್ರಸ್ಟಿಗಳು ಇವರನ್ನು ಕರೆದು ‘ನೀವೇ ಸೀನಿಯರ್, ಸಂಭಾಳಿಸಿ’ ಅಂದರಂತೆ. ಕಪಾಟಿನ ಬೀಗದ ಕೈ ಕೊಟ್ಟರು. ತರಬೇತಿ ಅಂತ ಆದದ್ದು ಅಷ್ಟೇ.

ಮೊದಲ ಎರಡು ಭೇಟಿ ನಿದ್ದೆ, ತಲೆನೋವು, ಮನೆಯಲ್ಲಿ ಸಿಡುಕು ಇದರಲ್ಲೇ ಹೋಯಿತು. ಆಫೀಸಿನಲ್ಲಿ ಕೂರಲಾರದೆ ದಿನಕ್ಕೆ ನಾಲ್ಕು ಸಲ ಹಳೇ ಕ್ಲಾಸಿಗೆ ಹೋಗಿ ಮಕ್ಕಳಿಗೆ ಊಟ ಮಾಡಿಸಿ ಬರುತ್ತಿದ್ದರು. ಮೇಜಿನ ಮೇಲೆ ಆವಕ-ಜಾವಕ ರಿಜಿಸ್ಟರ್, ಮಸ್ಟರ್, ಸಂಬಳದ ಬಿಲ್ಲು ಹಾಗೇ ಬಿದ್ದಿರುತ್ತಿದ್ದವು. ನಾನೂ ಇದನ್ನು ಸುಸ್ತು ಅಂತಲೇ ತಿಳಿದೆ. ರಜೆ ಹಾಕಿ ಊರಿಗೆ ಹೋಗಿ ಬನ್ನಿ ಅನ್ನುವುದರಲ್ಲಿದ್ದೆ.

ಮೂರನೇ ಭಾನುವಾರ ಬಂದು ಕೂತವರು ಹತ್ತು ನಿಮಿಷ ಮಾತೇ ಆಡಲಿಲ್ಲ. ಆಮೇಲೆ ಹೇಳಿದರು.

“ಮೇಡಂ, ಮೊನ್ನೆ ಒಬ್ಬರು ಅಪ್ಪ ಬಂದಿದ್ರು. ಎಂಟು ವರ್ಷದ ಮಗಳು. ಎತ್ತಿಕೊಂಡೇ ಬಂದಿದ್ರು. ನಡೆಯಲ್ಲ, ಮಾತಿಲ್ಲ, ಕಣ್ಣೂ ಸರಿ ಕಾಣಲ್ಲ. ಕಲ್ಯಾಣ್‌ನಿಂದ ಲೋಕಲ್‌ನಲ್ಲಿ ತಂದಿದ್ದು. ನಾನು ಫಾರ್ಮ್ ನೋಡಿದೆ. ‘ನಮ್ಮಲ್ಲಿ ಜಾಗ ಇಲ್ಲ’ ಅಂದುಬಿಟ್ಟೆ.”

“ಹೂಂ.”

“ಅದು ನನ್ನ ಮಾತಲ್ಲ ಮೇಡಂ. ನಮ್ಮ ಹಳೇ ಮೇಡಂ ಮಾತು. ಅದೇ ದನಿ. ಅವರು ಹಾಗೆ ಅಂದಾಗೆಲ್ಲ ನಾವು ಸ್ಟಾಫ್ ರೂಮಿನಲ್ಲಿ ಕೂತು ಬೈಕೊಳ್ತಿದ್ವಿ. ಕರುಳೇ ಇಲ್ಲ ಈ ಹೆಂಗಸಿಗೆ ಅಂತ. ಹದಿನಾಲ್ಕು ವರ್ಷ ಬೈದಿದ್ದೀನಿ. ಈಗ ನಾನೇ...”

ಅವರು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಕೇಳಿದೆ: “ಜಾಗ ನಿಜವಾಗಿ ಇರಲಿಲ್ವಾ?”

“ಬೆಂಚು ಇತ್ತು. ಆದರೆ ಆ ಮಗುವನ್ನ ಎತ್ತಿ ಬಾತ್‌ರೂಮಿಗೆ ಕರ್ಕೊಂಡು ಹೋಗೋಕೆ ಇರೋದು ಒಬ್ಬಳೇ ಮಾವ್ಶಿ (ಆಯಾ). ಇನ್ನೊಂದು ಪೋಸ್ಟ್ ಖಾಲಿ. ಥೆರಪಿಸ್ಟ್ ವಾರಕ್ಕೆ ಎರಡು ದಿನ. ಸೇರಿಸ್ಕೊಂಡರೆ ಮಗು ಮೂಲೇಲಿ ಮಲಗಿರುತ್ತೆ.”

“ಹಳೇ ಮೇಡಂ ಇಲ್ಲ ಅಂದಾಗ ಅವರ ಕಾರಣ ಏನಿತ್ತು?”

ಸುಧಾ ಬಾಯಿ ತೆರೆದರು, ಮುಚ್ಚಿದರು. “ಗೊತ್ತಿಲ್ಲ ಮೇಡಂ. ಕೇಳಿರಲಿಲ್ಲ. ಅವರೂ ಯಾವತ್ತೂ ಹೇಳಲಿಲ್ಲ.”

ಈ ಮಾತಿನ ಮೇಲೆ ನಾನು ಎರಡು ರಾತ್ರಿ ಯೋಚಿಸಿದೆ. ಕ್ಲಾಸಿಗೂ ಆಫೀಸಿಗೂ ನಡುವೆ ಹದಿನಾಲ್ಕು ವರ್ಷ ಒಂದೇ ಒಂದು ಬಾಗಿಲು. ಆ ಬಾಗಿಲ ಆಚೆ ಏನು ಲೆಕ್ಕ ನಡೆಯುತ್ತದೆ ಅಂತ ಟೀಚರ್‌ಗೆ ಯಾರೂ ತೋರಿಸಲಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ ಆಚೆ ಕೂರಿಸಿದರು.

ಆ ಲೆಕ್ಕ ಚಿಕ್ಕದಲ್ಲ. ಇಲ್ಲಿ ಮಹಾರಾಷ್ಟ್ರದಲ್ಲಿ ವಿಶೇಷ ಶಾಲೆಗಳು ಉಳಿದ ಶಾಲೆಗಳ ಹಾಗೆ ಶಿಕ್ಷಣ ಇಲಾಖೆಯ ಕೈಕೆಳಗೆ ಇರಲಿಲ್ಲ. ಸಾಮಾಜಿಕ ನ್ಯಾಯ ಇಲಾಖೆ ನೋಡಿಕೊಳ್ಳುತ್ತಿತ್ತು. 2022ರ ಡಿಸೆಂಬರ್‌ನಲ್ಲಿ ದಿವ್ಯಾಂಗರಿಗೇ ಅಂತ ಬೇರೆ ಇಲಾಖೆ ಆಯಿತು. ಅಂಗವಿಕಲರ ಹಕ್ಕಿನ ಕಾನೂನೂ ಬದಲಾಗಿದೆ. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಇತ್ತು. 2016ರ ಕಾಯ್ದೆಯಲ್ಲಿ 21. ಶೇಕಡಾ 40 ಅಥವಾ ಜಾಸ್ತಿ ಅಂಗವೈಕಲ್ಯ ಇರುವ, 6ರಿಂದ 18 ವರ್ಷದ ಮಗು ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಬಿಟ್ಟಿಯಾಗಿ ಕಲಿಯುವ ಹಕ್ಕು ಅದರ 31ನೇ ಕಲಮಿನಲ್ಲಿದೆ. ಇತ್ತ ಕಾಯ್ದೆ ಬಾ ಅನ್ನುತ್ತದೆ, ಅತ್ತ ಮಾವ್ಶಿ ಒಬ್ಬಳೇ. ಎರಡರ ನಡುವೆ ನಿಲ್ಲುವವರು ಹೆಡ್‌ಮಿಸ್. ಟೀಚರ್‌ಗಳ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ನವೀಕರಣ ಆಗಿದೆಯಾ ಅಂತ ನೋಡುವುದೂ ಅವರ ತಲೆಗೇ.

ಸುಧಾಗೆ ಬರುವುದು ಏನು? ಒಂದೊಂದು ಮಗುವಿಗೂ ಬೇರೆ ಬೇರೆ ಐಇಪಿ (ಆ ಮಗುವಿಗೇ ಹೊಂದುವ ಕಲಿಕೆಯ ಯೋಜನೆ) ಬರೆಯುವುದು, ಸಿಟ್ಟು ಬಂದು ಕೈ ಕಚ್ಚಿಕೊಳ್ಳುವ ಹುಡುಗನನ್ನು ಸಮಾಧಾನ ಮಾಡುವುದು. ಅದರಲ್ಲಿ ಅವರನ್ನು ಮೀರಿಸುವವರು ಕಡಿಮೆ. ಆ ಗುಣ ನೋಡಿಯೇ ಕುರ್ಚಿ ಕೊಟ್ಟರು. ಕುರ್ಚಿಯ ಕೆಲಸವೇ ಬೇರೆ ಅಂತ ಯಾರೂ ಹೇಳಲಿಲ್ಲ.

ನಾಲ್ಕನೇ ಭೇಟಿಯಲ್ಲಿ ಮೂರು ಮಾತು ಹೇಳಿದೆ. ಒಂದು, ಒಂದು ಉದ್ದ ನೋಟ್‌ಬುಕ್ ತರಬೇಕು. ಯಾವ ಮಗುವಿಗೆ ‘ಇಲ್ಲ’ ಅಂದರೂ ಅದರಲ್ಲಿ ತಾರೀಕು, ಮಗುವಿನ ತೊಂದರೆ, ಇಲ್ಲ ಅಂದ ನಿಜವಾದ ಕಾರಣ, ಬೇರೆ ಎಲ್ಲಿಗೆ ಕಳಿಸಿದೆವು, ಅಲ್ಲಿ ಸಿಕ್ಕಿತಾ ಅಂತ ಬರೆಯಬೇಕು. ಅಪ್ಪ-ಅಮ್ಮನಿಗೂ ಕಾರಣವನ್ನು ಕಾಗದದಲ್ಲೇ ಕೊಡಬೇಕು. ಟ್ರಸ್ಟಿನ ಪ್ರತಿ ಸಭೆಗೂ ಆ ಪುಸ್ತಕ ಹೋಗಬೇಕು. ಬಾಯಿಮಾತಿನ ‘ಜಾಗ ಇಲ್ಲ’ ಟೀಚರ್‌ನ ನಿದ್ದೆ ಕೆಡಿಸುತ್ತದೆ, ಅಷ್ಟೇ. ಬರೆದಿಟ್ಟ ‘ಇಲ್ಲ’ ಇನ್ನೊಂದು ಮಾವ್ಶಿ ಪೋಸ್ಟ್ ಕೇಳುವ ಅರ್ಜಿಗೆ ಆಧಾರವಾಗುತ್ತದೆ. ಎರಡು, ಹಳೇ ಹೆಡ್‌ಮಿಸ್ ಮನೆಗೆ ಹೋಗಬೇಕು. ಕ್ಷಮೆ ಕೇಳುವುದಕ್ಕಲ್ಲ, ಕೆಲಸ ಕಲಿಯುವುದಕ್ಕೆ. ಮೂರು, ವಾರಕ್ಕೆ ಒಂದು ಪೀರಿಯಡ್ ಕ್ಲಾಸು, ದಿನ-ಹೊತ್ತು ಗೊತ್ತು ಮಾಡಿಕೊಂಡು. ಉಳಿದ ಹೊತ್ತಿನಲ್ಲಿ ಆ ಕಡೆ ಓಡಬಾರದು.

ಇದನ್ನು ಕೇಳಿದ ನನ್ನ ಸಹೋದ್ಯೋಗಿ ಒಬ್ಬರು ನಕ್ಕರು. “ನೀನು ಕೌನ್ಸೆಲರ್ರಾ, ಹೆಡ್ ಕ್ಲರ್ಕಾ?” ಅಂದರು. ಅಪರಾಧಿ ಭಾವವನ್ನು ಬಿಡಿಸಿ ನೋಡುವುದು ಬಿಟ್ಟು ರಿಜಿಸ್ಟರ್ ಇಡಿಸುವುದು ನಮ್ಮ ಕೆಲಸ ಅಲ್ಲ ಅಂತ ಅವರ ವಾದ. ಇರಬಹುದು. ಆದರೆ ನನ್ನ ಮೊದಲ ಕೇಸಿನಲ್ಲಿ ನಾನು ಭಾವವನ್ನೇ ಬಿಡಿಸಿದೆ. ‘ಮಕ್ಕಳ ಜೊತೆ ಇದ್ದರೆ ನಿಮಗೆ ಸುಖ ಅಲ್ವಾ, ಹುದ್ದೆ ಬೇಡ ಅನ್ನಿ’ ಅಂದೆ. ಆಕೆ ಬೇಡ ಅಂದರು. ಹೊರಗಿನಿಂದ ಒಬ್ಬರು ಬಂದರು, ಅಂಥ ಮಗುವಿಗೆ ಒಂದು ದಿನವೂ ತುತ್ತು ತಿನ್ನಿಸದವರು. ವರ್ಷ ತುಂಬುವ ಮೊದಲೇ ಆಕೆ ಶಾಲೆಯನ್ನೇ ಬಿಟ್ಟರು. ನನ್ನ ಸಲಹೆಯಿಂದ ಆ ಮಕ್ಕಳಿಗೆ ಒಳ್ಳೆಯ ಹೆಡ್‌ಮಿಸ್ಸೂ ಸಿಗಲಿಲ್ಲ, ಒಳ್ಳೆಯ ಟೀಚರೂ ಉಳಿಯಲಿಲ್ಲ. ಹಾಗಾಗಿ ಈ ಸಲ ರಿಜಿಸ್ಟರ್.

ಶಾಲೆ ನಡೆಸುವವರು ಇದನ್ನು ಓದುತ್ತಿದ್ದರೆ ಒಂದು ಮಾತು. ಮುಂದಿನ ಹೆಡ್‌ಮಿಸ್ ಯಾರು ಅಂತ ನಿಮಗೆ ಎರಡು ವರ್ಷ ಮುಂಚೆಯೇ ಅಂದಾಜು ಇರುತ್ತದೆ. ಈಗಿನವರು ಕಷ್ಟದ ನಿರ್ಧಾರ ಮಾಡುವಾಗ ಅವರನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿ. ಅಡ್ಮಿಷನ್ ದಿನ, ಇನ್‌ಸ್ಪೆಕ್ಷನ್ ದಿನ, ಮಗುವಿಗೆ ಪೆಟ್ಟಾಗಿ ಮನೆಯವರು ಕೂಗಾಡುವ ದಿನ. ಇದಕ್ಕೆ ದುಡ್ಡು ಬೇಕಿಲ್ಲ. ಎರಡು ದಿನದ ವರ್ಕ್‌ಶಾಪ್ ಮಾಡಿಸಿ ಫೋಟೋ ತೆಗೆಸಿಕೊಂಡರೆ ಆಗುವ ಕೆಲಸ ಅಲ್ಲ ಇದು. ನಿವೃತ್ತಿಯಾಗುವವರು ಬೀಗದ ಕೈ ಜೊತೆ ತಮ್ಮ ಕಾರಣಗಳನ್ನೂ ಕೊಟ್ಟು ಹೋಗಬೇಕು.

ಸುಧಾ ಹಳೇ ಮೇಡಂ ಮನೆಗೆ ಹೋದರು. ಮೊದಲ ಸಲ ಚಹಾ ಕುಡಿದು ಸುಮ್ನೆ ವಾಪಸ್ ಬಂದರಂತೆ, ಕೇಳಲಾಗಲಿಲ್ಲ. ಎರಡನೇ ಸಲ ಕೇಳಿದರು. ಆ ಹೆಂಗಸು ವಾಪಸ್ ಕಳಿಸಿದ ಮಕ್ಕಳಲ್ಲಿ ಹಲವರ ಹೆಸರು ಹೇಳಿದರಂತೆ, ಯಾವ ಸ್ಟೇಷನ್ನಿನಿಂದ ಬಂದಿದ್ದರು ಅನ್ನುವುದರ ಸಮೇತ. “ನಿಮಗೆಲ್ಲ ಹೇಳಿದ್ರೆ ಕ್ಲಾಸಲ್ಲಿ ಮನಸ್ಸು ಕೆಡುತ್ತೆ ಅಂತ ಹೇಳ್ಲಿಲ್ಲ ಕಣೇ” ಅಂದರಂತೆ.

ನಿದ್ದೆ ಪೂರ್ತಿ ಬಂದಿದೆ ಅಂತ ಹೇಳಲಾರೆ. ಬುಧವಾರ ಮೊದಲ ಪೀರಿಯಡ್ ಕ್ಲಾಸು ತೆಗೆದುಕೊಳ್ಳುತ್ತಾರೆ. ಕಲ್ಯಾಣದ ಅಪ್ಪನಿಗೆ ತಾವೇ ಫೋನ್ ಮಾಡಿ ಮತ್ತೆ ಕರೆಸಿದ್ದರು. ಸದ್ಯಕ್ಕೆ ಥೆರಪಿಸ್ಟ್ ಬರುವ ಎರಡು ದಿನ, ಅಮ್ಮನೂ ಜೊತೆಗೆ ಇರುವ ಹಾಗೆ, ಮಗು ಬರುತ್ತಿದೆ. ಖಾಲಿ ಪೋಸ್ಟಿನ ಅರ್ಜಿಗೆ ಇನ್ನೂ ಉತ್ತರ ಇಲ್ಲ. ಹೋದ ತಿಂಗಳು ಪುಸ್ತಕ ತಂದು ತೋರಿಸಿದರು. ಹನ್ನೊಂದು ಹೆಸರು. ನಾಲ್ಕರ ಮುಂದೆ ಬೇರೆ ಶಾಲೆಯ ಹೆಸರಿತ್ತು. ಉಳಿದ ಏಳರ ಮುಂದಿನ ಜಾಗದಲ್ಲಿ ಪೆನ್ಸಿಲ್‌ನಲ್ಲಿ ಫೋನ್ ನಂಬರ್ ಬರೆದಿಟ್ಟುಕೊಂಡಿದ್ದರು.